ಸೂತಕದ ಮನೆಯ ಬೆಲ್ಲ

ಮಾನ್ಯ ತನಿಖಾಧಿಕಾರಿಗಳೇ,

ಕಳೆದ ತಿಂಗಳು ಖಿದಿರ್‌ಪುರದ ನಮ್ಮ ಓಣಿಯ ತೆರೆದ ಚರಂಡಿ ಗುಂಡಿಗೆ ಬಿದ್ದು ಸತ್ತ ಎಂಟು ವರ್ಷದ ಸುಗಂಧಿಯ ತಾಯಿ ನಾನು. ನಿಮ್ಮ ವರದಿಯ ಮೂರನೇ ಪುಟದಲ್ಲಿ ನನ್ನ ಬಗ್ಗೆ ಹೀಗೆ ಬರೆದಿದ್ದೀರಿ: “ತಾಯಿಯ ಕಣ್ಣಿನಲ್ಲಿ ನೀರಿರಲಿಲ್ಲ. ಸಾವಿನ ಐದನೇ ದಿನ ನಮಗೆ ಸಿಹಿ ಕೊಟ್ಟು ಉಪಚರಿಸಿದಳು. ಮಗುವಿನ ಮೇಲೆ ಆಕೆಗೆ ಕಾಳಜಿ ಇದ್ದಂತೆ ತೋರುವುದಿಲ್ಲ.” ಅದರ ಕೆಳಗೇ ನಿಮ್ಮ ತೀರ್ಮಾನ: ಸಾವಿಗೆ ತಾಯಿಯ ಅಲಕ್ಷ್ಯವೇ ಕಾರಣ. ಗುಂಡಿಗೆ ಮುಚ್ಚಳ ಇರಲಿಲ್ಲವೆಂಬ ಮಾತು ಇಡೀ ವರದಿಯಲ್ಲಿ ಎಲ್ಲೂ ಇಲ್ಲ.

ಇದನ್ನು ನನಗೆ ಓದಿ ಹೇಳಿದವರು ಶಾಂತಾರಾಮ ರಾಯರು. ಬ್ಯಾಂಕಿನಿಂದ ನಿವೃತ್ತರಾಗಿ ಇಲ್ಲಿನ ಕನ್ನಡ ಸಂಘದ ಪತ್ರಿಕೆ ನಡೆಸುತ್ತಾರೆ. ಆ ಪುಟಕ್ಕೆ ಬಂದಾಗ ಅವರು ಕನ್ನಡಕ ತೆಗೆದು ಒರೆಸುತ್ತ ಕುಳಿತರು. ಮುಂದೆ ಓದಿ ಎಂದು ನಾನೇ ಹೇಳಬೇಕಾಯಿತು. ಏಳನೇ ತರಗತಿ ಓದಿದ ನನಗೆ ಬರೆಯಲು ಬರುವುದು ಕನ್ನಡವೊಂದೇ, ಹಾಗಾಗಿ ಈ ಪತ್ರ ಅವರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಇಂಗ್ಲಿಷ್ ಪ್ರತಿಯನ್ನು ರಾಯರು ಅಲಿಪುರದ ನಿಮ್ಮ ಕಚೇರಿಗೆ ಮುಟ್ಟಿಸುತ್ತಾರೆ. ಕನ್ನಡದವರೂ ಇದನ್ನು ಓದಬೇಕೆಂಬ ಆಸೆ ನನಗಿದೆ. ಯಾಕೆಂದು ಆಮೇಲೆ ಹೇಳುತ್ತೇನೆ.

ನನ್ನ ಮೊದಲ ಅಪರಾಧ, ಆ ಹೊತ್ತಿನಲ್ಲಿ ಮನೆಯಲ್ಲಿ ಇಲ್ಲದಿದ್ದದ್ದು. ನಾವು ಕುಂದಾಪುರದ ಕಡೆಯಿಂದ ಬಂಗಾಳಕ್ಕೆ ಬಂದವರು. ಗಂಡ ಅಣ್ಣಪ್ಪ ಬಂದರಿನ ಹತ್ತಿರದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಅವರು ಕಾಮಾಲೆಯಾಗಿ ತೀರಿಕೊಂಡ ಮೇಲೆ ನಾನು ಬಾಲಿಗಂಜಿನಲ್ಲಿ ನಮ್ಮವರದೇ ಎರಡು ಮನೆಗಳಲ್ಲಿ ಅಡುಗೆಗೆ ನಿಂತೆ. ಆ ಮಧ್ಯಾಹ್ನ ಗಾಳಿಮಳೆ ಹೊಡೆದು ಓಣಿಯಲ್ಲಿ ಮೊಣಕಾಲು ಮಟ್ಟ ನೀರು ನಿಂತಿತ್ತು. ಶಾಲೆಯಿಂದ ಬರುತ್ತಿದ್ದ ಮಗುವಿಗೆ ನೀರಿನ ಅಡಿಯ ಗುಂಡಿ ಕಾಣಲಿಲ್ಲ. ನಾನಿದ್ದರೂ ಕಾಣುತ್ತಿರಲಿಲ್ಲ. ಆದರೆ ಅದಕ್ಕೆ ಮೊದಲು ಏಳು ತಿಂಗಳು, ನೆಲ ಒಣಗಿದ್ದಾಗ, ಅದು ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಓಣಿಯವರು ಮೂರು ಸಲ ಅರ್ಜಿ ಕೊಟ್ಟಾಗ ನಿಮ್ಮ ಕಚೇರಿ ಎಲ್ಲಿತ್ತು? ಅದೂ ಮನೆಯಲ್ಲಿ ಇರಲಿಲ್ಲವೇ? ಇದು ದುಡಿಯುವ ಜನರ ಸರ್ಕಾರ ಎಂದು ನಿಮ್ಮ ಕಾಂಪೌಂಡಿನ ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿದೆಯಂತೆ. ದುಡಿಯುವ ಜನ ದುಡಿಯಲು ಹೋದರೆ ಅದು ಅಲಕ್ಷ್ಯ ಎಂದಾದರೆ ನಾವು ಹೋಗಬೇಕಾದದ್ದು ಎಲ್ಲಿಗೆ ಸ್ವಾಮಿ, ಮೆರವಣಿಗೆಗೆ ಮಾತ್ರವೇ?

ಎರಡನೆಯದು ಕಣ್ಣೀರು. ನಮ್ಮೂರಿನಲ್ಲಿ ಸಾವಾದ ಮನೆಗೆ ಹೆಂಗಸರು ಬಂದು ಕುತ್ತಿಗೆ ತಬ್ಬಿಕೊಂಡು “ಎಂತ ಆಯ್ತೇ ಹೆಣ್ಣೇ” ಎಂದು ಕೇಳುತ್ತಾರೆ. ಆಗ ಸತ್ತವರ ಒಂದೊಂದೇ ಗುಣ ಹೇಳಿಕೊಂಡು ಅಳುತ್ತೇವೆ. ಹಾಗೆ ಅಳಬೇಕಾದರೆ ಹೂಂಗುಟ್ಟುವವರು ಬೇಕು. ಇಲ್ಲಿ ಪಕ್ಕದ ಕೋಣೆಯ ಮುದುಕಿ, ನನ್ನ ಮಗಳು ‘ಮಾಸಿ’, ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು, ಮೂರು ದಿನ ನನ್ನ ಬಳಿ ಕುಳಿತಳು. ಒಳ್ಳೆಯವಳು. “ಕಾಂದೋ ಮಾ, ಕಾಂದೋ,” ಅಳಮ್ಮ ಎಂದು ಬೆನ್ನು ಸವರಿದಳು. ನಾನು ಕನ್ನಡದಲ್ಲಿ ಎರಡು ಮಾತು ಶುರು ಮಾಡಿದೆ, ಅವಳು ಸುಮ್ಮನೆ ನನ್ನ ಬಾಯಿ ನೋಡಿದಳು. ನನಗೆ ಬರುವುದು ಸಂತೆಯ ಬಂಗಾಳಿ. ಅದರಲ್ಲಿ ಬದನೆಕಾಯಿ ಕೊಳ್ಳಬಹುದು, ಮಗಳ ಗುಣ ಹೇಳಿ ಅಳಲು ಬರುವುದಿಲ್ಲ. ಬಾಲಿಗಂಜಿನ ನಮ್ಮವರು ಯಾರೂ ಬರಲಿಲ್ಲ, ಓಣಿಯಲ್ಲಿ ನೀರಿತ್ತಲ್ಲ. ಇಷ್ಟು ದೊಡ್ಡ ಊರಿನಲ್ಲಿ ಮನೆಯ ಮಾತು ಆಡಲು ನನಗೆ ಇದ್ದವಳು ಒಬ್ಬಳೇ, ಸತ್ತವಳೂ ಅವಳೇ.

ಮೂರನೆಯದು ಸಿಹಿ. ನೀವು ಬಂದದ್ದು ಮಧ್ಯಾಹ್ನ ಎರಡೂವರೆಗೆ. ಕರೆಂಟು ಹೋಗಿತ್ತು. ಮೂರನೇ ಮಹಡಿಗೆ ಹತ್ತಿ ಬಂದು, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತು “ಏಕ್ಟು ಜಲ್” ಎಂದಿರಿ. ಸೂತಕದ ಮನೆಯಲ್ಲಿ ನಮ್ಮವರು ನೀರನ್ನೂ ಮುಟ್ಟುವುದಿಲ್ಲ, ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಬಾಯಾರಿದವರು ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಎನ್ನುವುದು ಹೇಗೆ? ಬಿಸಿಲಿನಿಂದ ಬಂದವರಿಗೆ ನಮ್ಮ ಕಡೆ ಬರೀ ನೀರು ಕೊಡುವ ಪದ್ಧತಿ ಇಲ್ಲ. ಒಂದು ಚೂರು ಬೆಲ್ಲ ಕೊಟ್ಟು ನೀರು ಕೊಡುತ್ತೇವೆ. ಅದು ಸಂತೋಷಕ್ಕೆ ಹಂಚುವ ಸಿಹಿಯಲ್ಲ, ದಣಿದವರಿಗೆ ಕೊಡುವುದು. ನಿಮ್ಮ ಹಳೆಯ ಮನೆಗಳಲ್ಲೂ ನೀರಿನ ಜೊತೆ ಬತ್ತಾಸು ಇಡುವುದನ್ನು ನಾನು ನೋಡಿದ್ದೇನೆ. ನೀವು ಬೆಲ್ಲ ಬಾಯಿಗೆ ಹಾಕಿಕೊಂಡಿರಿ, ನೀರು ಕುಡಿದಿರಿ, ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡಿರಿ. ಆಮೇಲೆ ಪೆನ್ನಿನ ಕ್ಯಾಪು ತೆಗೆದಿರಿ.

ಈಗ ಕನ್ನಡದವರ ವಿಷಯ. ನಿಮ್ಮ ವರದಿಯ ಸುದ್ದಿ ಬಾಲಿಗಂಜಿಗೆ ನೀರಿಲ್ಲದ ದಾರಿಯಲ್ಲಿ ಬೇಗನೇ ಹೋಯಿತು. ನಾನು ಅಡುಗೆ ಮಾಡುವ ಮನೆಯ ಆಶಾಲತಮ್ಮ ಕೆಟ್ಟವರಲ್ಲ. ಬಾಗಿಲಿಗೆ ಒರಗಿ ನಿಂತು, “ಅಲ್ಲ ಚಂದ್ರಾವತಿ, ಅವರ ಎದುರು ಒಂದು ಸಲ ಅತ್ತುಬಿಟ್ಟಿದ್ದರೆ ನಿನ್ನ ಗಂಟು ಎಂತ ಹೋಗ್ತಿತ್ತು ಮಾರಾಯ್ತಿ?” ಎಂದರು. ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ, ಬಿಡಿಸುತ್ತಲೇ ಇದ್ದೆ. ಹೋದ ವರ್ಷ ಅವರ ಅತ್ತೆ ತೀರಿಕೊಂಡಾಗ ಅವರು ಅಳಲಿಲ್ಲ, ಎಷ್ಟು ಗಟ್ಟಿ ಹೆಂಗಸು ಎಂದು ಬಂದವರೆಲ್ಲ ಹೊಗಳಿದ್ದರು. ಬಾಲಿಗಂಜಿನವಳು ಅಳದಿದ್ದರೆ ಗಟ್ಟಿಗಿತ್ತಿ, ಖಿದಿರ್‌ಪುರದವಳು ಅಳದಿದ್ದರೆ ಕಲ್ಲೆದೆಯವಳು, ಇದು ಯಾವ ಕಾನೂನು? ಬಡವಳು ತನ್ನ ಸಂಕಟವನ್ನು ನಾಲ್ಕು ಜನ ನೋಡುವಂತೆ ನೆಲಕ್ಕೆ ಚೆಲ್ಲಿ ತೋರಿಸಿದರೆ ಮಾತ್ರ ತಾಯಿಯೇ?

ನಾನು ಪರಿಹಾರ ಕೇಳುತ್ತಿಲ್ಲ. ಗುಂಡಿಗೆ ಮುಚ್ಚಳ ಹಾಕಿಸಿ, ಓಣಿಯಲ್ಲಿ ಇನ್ನೂ ಮಕ್ಕಳಿದ್ದಾರೆ, ಮಳೆಗಾಲ ಬಂದಿದೆ. ಮತ್ತೆ ಮೂರನೇ ಪುಟದ ಆ ಮೂರು ವಾಕ್ಯಗಳನ್ನೂ ಅವುಗಳ ಮೇಲೆ ಕಟ್ಟಿದ ತೀರ್ಮಾನವನ್ನೂ ಹೊಡೆದುಹಾಕಿ. ನನ್ನ ಮಗಳ ಬಗ್ಗೆ ಸರ್ಕಾರದಲ್ಲಿ ಉಳಿಯುವ ಕಾಗದ ಅದೊಂದೇ. ತಾಯಿಗೆ ಬೇಡವಾಗಿದ್ದ ಮಗು ಎಂದು ಅವಳು ಅದರಲ್ಲಿ ಉಳಿಯಬಾರದು.

ಹೊಡೆದುಹಾಕುವ ಮೊದಲು ಇದೊಂದು ನಿಮಗೆ ತಿಳಿದಿರಲಿ. ಶಾಲೆಯಿಂದ ಬಂದವಳೇ “ಅಮ್ಮಾ, ಗುಡ್ ಎಲ್ಲಿತ್ತ್?” ಎಂದು ಸುಗಂಧಿ ಕೇಳುತ್ತಿದ್ದಳು, ಬೆಲ್ಲಕ್ಕೆ ಅವಳ ಬಾಯಲ್ಲಿ ಬಂಗಾಳಿ ಹೆಸರು. ನಾನು ಕೆಲಸದಲ್ಲಿರುವ ದಿನಗಳಲ್ಲಿ, ಬಿಸಿಲಿನಿಂದ ಬರುವ ಮಗುವಿಗೆಂದು ನೀರಿನ ಚೆಂಬಿನ ಪಕ್ಕ ಒಂದು ಚೂರು ಬೆಲ್ಲ ಇಟ್ಟು ಬಟ್ಟಲು ಮುಚ್ಚಿ ಹೋಗುತ್ತಿದ್ದೆ. ಆ ದಿನದ್ದು ಹಾಗೆಯೇ ಉಳಿದಿತ್ತು. ಐದು ದಿನ ಆ ಬಟ್ಟಲು ಎತ್ತಲು ನನಗೆ ಕೈ ಬರಲಿಲ್ಲ. ನೀವು ನೀರು ಕೇಳಿದಾಗ ಎತ್ತಿದೆ. ನೀವು ತಿಂದದ್ದು ಅದನ್ನು.

ಇಂತಿ,
ಕಣ್ಣಿನಲ್ಲಿ ನೀರಿಲ್ಲದವಳೆಂದು ತಮ್ಮಿಂದ ದಾಖಲಾದ
ಸುಗಂಧಿಯ ತಾಯಿ
ಚಂದ್ರಾವತಿ
ಖಿದಿರ್‌ಪುರ, ಜೂನ್ ೧೯೮೫