ಕೆಮ್ಮಿಗೆ ಕತ್ತರಿ ಹಾಕಿದವರಿಗೆ

ಮಾನ್ಯ ಚಲನಚಿತ್ರ ಪರಿಶೀಲನಾಧಿಕಾರಿಗಳೇ,

ನಮ್ಮ ಸಾಕ್ಷ್ಯಚಿತ್ರದಿಂದ ನೀವು ಕತ್ತರಿಸಲು ಹೇಳಿರುವುದು ನನ್ನ ಅಣ್ಣನ ಕೆಮ್ಮನ್ನು. ಅದನ್ನು ತೆಗೆಯದೆ ಪ್ರಮಾಣಪತ್ರವಿಲ್ಲ ಎಂದಿದ್ದೀರಿ. ತೆಗೆಯುವುದಿಲ್ಲ.

ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಮೂರು ದೇಶಗಳ ಶೆಡ್ಡುಗಳ ಕಥೆ ಈ ಚಿತ್ರ. ಅದರಲ್ಲಿ ಶಬ್ದ ಹಿಡಿಯುವ ಕೆಲಸ ನನ್ನದು. ನಮ್ಮ ಕಸುಬಿನಲ್ಲೊಂದು ರೂಢಿಯಿದೆ: ಚಿತ್ರೀಕರಣ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಮಿಸುಕಾಡದೆ ನಿಲ್ಲಬೇಕು. ಆ ಜಾಗದ ಬರಿಯ ಮೌನವನ್ನು ಹಿಡಿದಿಟ್ಟುಕೊಳ್ಳುತ್ತೇವೆ. ಮಾತಿನ ತುಂಡುಗಳನ್ನು ಬೆಸೆಯಲು ಅದು ಬೇಕು. ಮೂರು ದೇಶಗಳಲ್ಲೂ ಆ ನಿಮಿಷ ಸುಲಭವಾಗಿ ಸಿಗಲಿಲ್ಲ, ಯಾರಾದರೂ ಕೆಮ್ಮುತ್ತಿದ್ದರು. ನಮ್ಮೂರಿನ ಶೆಡ್ಡಿನಲ್ಲಿ ಕೆಮ್ಮಿದವನು ಅಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ ಅಣ್ಣ. ಆರು ಸಲ ಪ್ರಯತ್ನಿಸಿ ರೇಗಿಬಿಟ್ಟೆ.

“ಒಂದೇ ಒಂದು ನಿಮಿಷ ಸುಮ್ನಿರೋಕೆ ಆಗಲ್ವೇನೋ ನಿಂಗೆ?”

“ನಾನು ಸುಮ್ನೇ ಇದೀನಿ ಕಣೇ, ಈ ಎದೆ ಕೇಳ್ಬೇಕಲ್ಲ. ಹೊರಗಿರ್ತೀನಿ, ನಿನ್ನ ಮೌನ ನೀನು ತಗೋ.”

ನಗುತ್ತಲೇ ಹೊರಟ. ನಾಲ್ಕು ತಿಂಗಳಿಗೆ ತೀರಿಕೊಂಡ. ಕೆಟ್ಟವೆಂದು ಎಸೆಯಬೇಕಿದ್ದ ಆ ನಿಮಿಷಗಳನ್ನೇ, ಮೂರೂ ಕಡೆಯವನ್ನು, ಚಿತ್ರದಲ್ಲಿ ಉಳಿಸಿಕೊಂಡೆವು.

ನಿಮ್ಮ ಆದೇಶ ಓದಿ ಮೈಯೆಲ್ಲಾ ಉರಿಯಿತು. ಹೊರದೇಶದವರ ಕೆಮ್ಮು ಇರಬಹುದಂತೆ. ನಮ್ಮವರದು ಮಾತ್ರ ‘ಉದ್ಯಮದ ಘನತೆಗೆ ಧಕ್ಕೆ’ಯಂತೆ! ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದರಂತೆ. ಸೀಸದ ವಿಷಹೊಗೆಗೂ ಪಾಸ್‌ಪೋರ್ಟ್ ಉಂಟೇ ಸ್ವಾಮಿ? ನಮ್ಮ ಗಡಿಯೊಳಗೆ ಕಾಲಿಟ್ಟೊಡನೆ ಅದು ಸಾಧುವಾಗಿಬಿಡುತ್ತದೆಯೇ? ನಿಮ್ಮ ಕಚೇರಿಯ ಗುಮಾಸ್ತರಂತೂ, “ಕೆಮ್ಮು ತಾನೇ ಮೇಡಂ, ತೆಗೆದ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದರು. ಅಣ್ಣನ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಸೆರಗಿನ ತುದಿಯನ್ನು ಹಿಂಡುತ್ತಿದ್ದರು.

ಬರುವ ಸೋಮವಾರ ನಮ್ಮೂರಿನ ಆ ಶೆಡ್ಡಿನ ಪರವಾನಗಿ ನವೀಕರಿಸುವ ಬಹಿರಂಗ ವಿಚಾರಣೆಯಿದೆ. ‘ಯಾವ ಕೆಲಸಗಾರರಿಗೂ ತೊಂದರೆಯಾಗಿಲ್ಲ’ ಎಂದು ಮಾಲೀಕರು ಬರೆದುಕೊಟ್ಟಿದ್ದಾರೆ. ಅದಕ್ಕೆ ಉತ್ತರವಾಗಿ ನಮ್ಮ ಬಳಿ ಇರುವುದು ಈ ಚಿತ್ರವೊಂದೇ, ಪ್ರಮಾಣಪತ್ರವಿಲ್ಲದೆ ಅದನ್ನಲ್ಲಿ ತೋರಿಸುವಂತಿಲ್ಲ. ಆದ್ದರಿಂದ ಶನಿವಾರದೊಳಗೆ, ಒಂದು ಸದ್ದನ್ನೂ ಮುಟ್ಟದೆ, ಪ್ರಮಾಣಪತ್ರ ಕೊಡಿ.

ಅಣ್ಣನಿಗಾಗಿ ಕೇಳುತ್ತಿಲ್ಲ, ಅವನ ಪಾಲಿಗೆ ಎಲ್ಲ ಮುಗಿಯಿತು. ಕಳೆದ ತಿಂಗಳು ಅದೇ ಕುಲುಮೆಯ ಮುಂದೆ ಅತ್ತಿಗೆಯನ್ನು ನಿಲ್ಲಿಸಿದ್ದಾರೆ.

ಇಂತಿ,
ಕಿವಿಯನ್ನೇ ನಂಬಿ ಬದುಕಿಯೂ ತಡವಾಗಿ ಕೇಳಿಸಿಕೊಂಡ ತಂಗಿ