ಕನ್ನಡಿಗೆ ಸುತ್ತಿದ ಕಂಬಳಿ

ಮೇ 2, ಶುಕ್ರವಾರ. ಬೆಳಿಗ್ಗೆ 7

ಎದ್ದ ಕೂಡಲೇ ಫೋನು. ಮಾರಾಟಕ್ಕೆ ಹಾಕಿದ ಡ್ರೆಸ್ಸಿಂಗ್ ಟೇಬಲ್‌ಗೆ ಹನ್ನೊಂದು ಮೆಸೇಜು. ಒಂಬತ್ತು ಮಂದಿ 'ಲಾಸ್ಟ್ ಪ್ರೈಸ್?' ಒಬ್ಬನಿಗೆ ಕಟ್ಟಿಗೆ ಸಾಗವಾನಿಯೋ ಅಲ್ಲವೋ ಎಂಬ ಚಿಂತೆ. ಇನ್ನೊಬ್ಬ ಬರೀ 'ಹಾಯ್'. ಸ್ಪಷ್ಟವಾಗಿ ಬರೆದಿದ್ದೇನೆ — ಮೂರು ಸಾವಿರ, ಬಂದು ನೋಡಿ, ನೀವೇ ಒಯ್ಯಿರಿ. ಓದುವ ತ್ರಾಸು ಯಾರಿಗೆ ಬೇಕು!

ಈ ಬಾಡಿಗೆ ಮನೆಗೆ ಬಂದಾಗಿನಿಂದ ಬೆಡ್‌ರೂಮಿನ ಬಾಗಿಲು ಅರ್ಧವೇ ತೆರೆಯುವುದು. ಆ ಟೇಬಲ್ ಅಡ್ಡ. ಗಂಡ ಯಲ್ಲೇಶ ದಿನಾ ಹೊಟ್ಟೆ ಒಳಗೆಳೆದುಕೊಂಡು ನುಸುಳುತ್ತಾನೆ. ಆದರೂ 'ಇರ್ಲಿ ಬಿಡ' ಅನ್ನುತ್ತಾನೆ. ಅವನಿಗೆ ಎಲ್ಲವೂ ಇರ್ಲಿ ಬಿಡ.

ರಾತ್ರಿ 8

ಗಿರಾಕಿ ಸಿಕ್ಕಿತು. ಅಮರ ಅಂತ, ಖಾನಾಪುರದವನು. ತಂಗಿ ನೀಲಾಳ ಮದುವೆಯಂತೆ, ಹದಿನೆಂಟನೇ ತಾರೀಖಿಗೆ. ರೇಟಿಗೆ ಕೊಸರಾಡಲಿಲ್ಲ. ತಕ್ಷಣ ಅಡ್ವಾನ್ಸ್ ಹಾಕಿದ. ಒಳ್ಳೆಯ ಮಂದಿ ಅಂದುಕೊಂಡು ಚಹಾ ಇಟ್ಟೆ. ಚಹಾ ಕುದಿಯುವುದರೊಳಗೆ ಮತ್ತೆ ಫೋನು.

"ಅಕ್ಕಾರ, ಡೆಲಿವರಿ ನಿಮ್ಮ ಕಡಿಂದನ ಅಲ್ರಿ?"

ಇದು ಯಾವ ರೀತಿ? ರೊಕ್ಕ ಹಾಕಿದ ಮೇಲೆ ಕೇಳುವುದು! ಸಾಮಾನಿನ ಮಾತು ಆಡುವಾಗಲೇ ಟೆಂಪೋದ ಮಾತೂ ಆಡಬೇಕು. ಅಷ್ಟು ನಡತೆ ಬೇಡವೇ. ಮೊದಲೇ ಕೇಳಿದ್ದರೆ 'ಇಲ್ಲ' ಅಂದು ಮುಗಿಸುತ್ತಿದ್ದೆ. ಈಗ 'ಇಲ್ಲ' ಅಂದರೆ ಮದುವೆ ಮನೆಗೆ ಇಲ್ಲ ಅಂದ ಹಾಗೆ.

ಮೇ 5, ಸೋಮವಾರ

ಮಚ್ಛೆಯ ನಮ್ಮ ಫ್ಯಾಕ್ಟರಿಯಲ್ಲಿ ಊಟದ ಹೊತ್ತಿಗೆ ಇದೇ ಚರ್ಚೆ. ಒಬ್ಬರು — ಕೊಂಡವರೇ ಕೊಡಬೇಕು. ಇನ್ನೊಬ್ಬರು — ಇಪ್ಪತ್ತು ಕಿಲೋಮೀಟರ್ ದಾಟಿದರೆ ಅರ್ಧರ್ಧ. ಸ್ಟೋರಿನವರು — ಮದುವೆ ಅಂದ ಮೇಲೆ ಅದೆಲ್ಲ ನೋಡಬಾರದು. ಹಾಗಾದರೆ ಟೆಂಪೋದವನು ಮದುವೆ ಅಂತ ಡೀಸೆಲ್ ಬಿಡುತ್ತಾನೇನು?

ಮನೆಗೆ ಬಂದರೆ ಯಲ್ಲೇಶ ಅಮರನ ಮನೆಯವರ ಜೋಡಿ ಫೋನಿನಲ್ಲಿ ನಗುತ್ತಾ ಕೂತಿದ್ದ. ಅವರೂ ನಮ್ಮವರೇ ಅಂತೆ, ಹಾಲುಮತದವರು. ಮೂಲ ಊರು, ಕುರಿ ಹಿಂಡು, ಎಲ್ಲ ಮಾತಾಡಿ ಮುಗಿಸಿದ್ದ.

"ನಮ್ಮ ಮಂದೀನ ಅದಾರ. ನಾವ ಕಳಸೂಣಂತ."

"ಮದಿವಿ ಅವ್ರದು, ಟೆಂಪೋ ನಮ್ಮದಾ?"

ಕೊನೆಗೆ ಅರ್ಧರ್ಧ. ಟೆಂಪೋ ಹನ್ನೆರಡು ನೂರು, ಆರುನೂರು ನಮ್ಮದು, ಆರುನೂರು ಅವರದು. ಅದಕ್ಕೂ ಅಮರ ಐದು ಸಲ ಫೋನು ಮಾಡಿದ. ನಾನೂ ಬಿಡಲಿಲ್ಲ.

ಮೇ 7, ಬುಧವಾರ. ಬೆಳಿಗ್ಗೆ 9

ಟೆಂಪೋ ಹೋಯಿತು. ಬಾಗಿಲು ಪೂರ್ತಿ ತೆರೆಯಿತು. ಅರ್ಧ ದಿನ ರಜೆ.

ಡ್ರೈವರ್ ಕಲ್ಮೇಶ ಕನ್ನಡಿ ನೋಡಿದವನೇ ಕೈ ತೊಳೆದುಕೊಂಡ. "ಒಡದ್ರ ನನ್ನ ಕೇಳಬ್ಯಾಡ್ರಿ ಅಕ್ಕಾರ. ರೋಡ್ ಹೆಂಗೈತಿ ನಿಮಗ ಗೊತ್ತೈತಿ." ಬೆಡ್‌ಶೀಟ್ ಸುತ್ತಿದೆ, ತೆಳ್ಳಗಾಯಿತು. ಮದುವೆಗೆ ಒಡೆದ ಕನ್ನಡಿ ಹೋದರೆ ಅಪಶಕುನ ಬೇರೆ. ಕೈಗೆ ಸಿಕ್ಕಿದ್ದು ಅಪ್ಪನ ಕಂಬಳಿ. ಎರಡು ಸುತ್ತು ಸುತ್ತಿ ಸುತಳಿ ಬಿಗಿದೆ. ಕುರುಬರ ಮನೆಯಲ್ಲಿ ಕಂಬಳಿ ಹೊದಿಕೆ, ಹಾಸಿಗೆ, ಮಳೆಗೆ ಕೊಪ್ಪೆ, ಕಾಳಿಗೆ ಚೀಲ — ಎಲ್ಲಕ್ಕೂ ಅದೇ. ಯೋಚಿಸಲೇ ಇಲ್ಲ.

"ಇಳಿಸಿದ ಮ್ಯಾಲೆ ಕಂಬಳಿ ವಾಪಸ್ ತರಬೇಕ್ ನೋಡಪಾ" ಅಂತ ಮೂರು ಸಲ ಹೇಳಿದ್ದೇನೆ.

ಸಂಜೆ 6

ಕಲ್ಮೇಶ ಬಂದ. ಬರಿಗೈ.

"ಕಂಬಳಿ?"

"ಅಕ್ಕಾರ, ಆ ಮನಿ ಅಮ್ಮಾರು ಸುತಳಿ ಬಿಚ್ಚಿದ್ರು. ಕಂಬಳಿ ನೋಡಿದ್ರು. ಒಳಗ ಹೋಗಿ ದೇವರ ಮುಂದಿನ ಅರಿಷಿಣ ಭಂಡಾರ ತಂದು ಹಚ್ಚಿ ನಮಸ್ಕಾರ ಮಾಡಿದ್ರು. ಮನಿ ಮಂದಿ ಎಲ್ಲಾ ಮಾಡಿದ್ರು. ನಾ ಹೆಂಗ ವಾಪಸ್ ಕೊಡ್ರಿ ಅನ್ನಲಿ?"

ಬೈಯಬೇಕೆಂದೆ. ಆದರೆ ಅವನ ಜಾಗದಲ್ಲಿ ನಾನಿದ್ದರೂ ವಾಪಸ್ ಕೇಳುತ್ತಿರಲಿಲ್ಲ.

ಬೇರೆ ಯಾರ ಮನೆಗಾದರೂ ಹೋಗಿದ್ದರೆ ಅದು ಪ್ಯಾಕಿಂಗ್. ಜಾಡಿಸಿ, ಮಡಚಿ ಕೊಡುತ್ತಿದ್ದರು. ನಮ್ಮವರ ಮನೆಗೆ, ಅದೂ ಮದುವೆ ಮನೆಗೆ, ಕಂಬಳಿ ಹೋಯಿತೆಂದರೆ ಗದ್ದಿಗೆಗೆ ಅಂತಲೇ ಅರ್ಥ. ಮದುಮಕ್ಕಳು ಕೂಡ್ರುವುದಕ್ಕೆ. ತಿಳಿದೂ ತಿಳಿದೂ ಸುತ್ತಿ ಕಳಿಸಿದ್ದೇನೆ, ನಾನು ಎಂಥ ಶಾಣ್ಯಾಕಿ!

ಮೇ 8, ಗುರುವಾರ

ಫೋನಿಗೆ ಆರುನೂರು ರೂಪಾಯಿ ಬಂತು. ಹಿಂದೆಯೇ ವಾಯ್ಸ್ ಮೆಸೇಜು. ಅಮರನ ತಾಯಿ ಪದ್ಮವ್ವ.

"ತಂಗೀ, ಡೆಲಿವರಿಗೆ ನಾವು ಸಣ್ಣ ಮಂದಿಹಂಗ ಜಗ್ಗಾಡಿದ್ವಿ. ನೀ ನೋಡಿದ್ರ ಒಂದ್ ಮಾತ್ ಹೇಳ್ದ ಕಂಬಳಿ ಕಳಿಸೀದಿ. ಭಾಳ ನಾಚಿಕಿ ಆತವ್ವಾ. ನಿಮ್ಮ ಅರ್ಧಾನೂ ನಾವ ಕೊಡತೀವಿ. ಮದಿವಿಗಿ ಬರಲಿಲ್ಲಂದ್ರ ನೀಲಾ ಗದ್ದಿಗಿ ಏರಂಗಿಲ್ಲ ನೋಡು."

ಐದು ಫೋನು ಮಾಡಿ ಜಗಳಾಡಿದ ಆರುನೂರು, ಕೇಳದೆ ಬಂದು ಕೂತಿದೆ. ಇಟ್ಟುಕೊಂಡರೆ ಕಂಬಳಿ ಮಾರಿದ ಹಾಗೆ. ತಿರುಗಿ ಕಳಿಸಿದರೆ ಕಂಬಳಿ ಕೊಟ್ಟ ಹಾಗೆ.

ಮೇ 14, ಬುಧವಾರ

ಬರೆಯಲಿಲ್ಲ ಇಷ್ಟು ದಿನ. ಪದ್ಮವ್ವನಿಗೆ ಮೆಸೇಜು ಮಾತ್ರ ನಾಲ್ಕು ಸಲ ಬರೆದೆ, ನಾಲ್ಕೂ ಸಲ ಅಳಿಸಿದೆ. 'ತಪ್ಪು ತಿಳ್ಕೋಬ್ಯಾಡ್ರಿ' ಅಂತ ಶುರು ಮಾಡಿದರೆ ಮುಂದೆ ಏನು ಬರೆದರೂ ತಪ್ಪೇ.

ನನಗೆ ಆ ಕಂಬಳಿ ಬೇಕು. ಇಲ್ಲಿಯಾದರೂ ಸರಿಯಾಗಿ ಹೇಳಬೇಕು. ಅಪ್ಪ ಕಡೆಯದಾಗಿ ನೇಯ್ದದ್ದು ಅದು. ಕಣ್ಣು ಹೋಗುತ್ತಿತ್ತು, ಕೈಯಿಂದ ತಡವಿ ತಡವಿ ನೇಯ್ದ. ತೀರಿಕೊಂಡು ಎಂಟು ವರ್ಷ. ಮಗ್ಗವನ್ನು ಅಣ್ಣ ಕಟ್ಟಿಗೆ ರೇಟಿಗೆ ಕೊಟ್ಟ. ನನ್ನ ಪಾಲಿಗೆ ಉಳಿದದ್ದು ಅದೊಂದೇ. ಅದನ್ನು ಗಾಜಿಗೆ ಸುತ್ತಿ ಕಳಿಸಿದವಳು ನಾನೇ ಅನ್ನುವುದು ಹೆಚ್ಚು ಉರಿಯುತ್ತದೆ.

ಯಲ್ಲೇಶ ಅಂದ, "ನಾ ಕೇಳ್ಲಿ?"

"ಬ್ಯಾಡ."

ಒಂದು ಉಪಾಯ ಹೊಳೆದಿದೆ. ಅವರ ಆರುನೂರಕ್ಕೆ ನನ್ನದೂ ಸೇರಿಸಿ ಹೊಸ ಕಂಬಳಿ ತರುವುದು. ಮದುವೆಗೆ ಒಯ್ಯುವುದು. 'ಅದು ಹಳೇದ್ರಿ, ಪ್ಯಾಕಿಂಗಿಗೆ ಅಂತ ಸುತ್ತಿದ್ದೆ, ಮದುಮಗಳಿಗೆ ಹೊಸದ ಇರ್ಲಿ' ಅನ್ನುವುದು. ಯಾರಿಗೂ ಮನಸ್ಸು ನೋಯುವುದಿಲ್ಲ.

ಮೇ 18, ರವಿವಾರ. ಸಂಜೆ 7

ಖಾನಾಪುರದಿಂದ ಈಗ ಬಂದೆ. ಯಲ್ಲೇಶನಿಗೆ ಫೌಂಡ್ರಿಯಲ್ಲಿ ಓವರ್‌ಟೈಮ್, ಒಬ್ಬಳೇ ಹೋಗಿದ್ದೆ. ಬಸ್ಸಿನಲ್ಲಿ ಹೊಸ ಕಂಬಳಿ ತೊಡೆಯ ಮೇಲೆ. ಹೇಳಬೇಕಾದ ಮಾತು ಬಾಯಿಪಾಠ ಮಾಡುತ್ತ ಹೋದೆ.

ತಡವಾಗಿತ್ತು. ನೀಲಾ ಮತ್ತು ಹುಡುಗ ಆಗಲೇ ಅಪ್ಪನ ಕಂಬಳಿಯ ಮೇಲೆ ಕೂತಿದ್ದರು. ಮೇಲೆಲ್ಲ ಅಕ್ಷತೆ, ಭಂಡಾರ. ಕಪ್ಪು ಕಂಬಳಿ ಹಳದಿಯಾಗಿತ್ತು.

ಪದ್ಮವ್ವ ಕೈ ಹಿಡಿದವಳು ಬಿಡಲೇ ಇಲ್ಲ. ಕಂಡಕಂಡವರಿಗೆಲ್ಲ, "ಇಕಿನ ನೋಡ್ರಿ ಮಾಲಾ. ನಾವು ಟೆಂಪೋ ರೊಕ್ಕಕ್ಕ ಜಗಳಾ ಮಾಡಿದ್ರ ಕಂಬಳಿ ಕೊಟ್ಟ ಕಳಸಿದಾಕಿ." ತನ್ನ ಮರ್ಯಾದೆ ತಾನೇ ಕಳೆದುಕೊಂಡು ನನ್ನದನ್ನು ಏರಿಸುತ್ತಿದ್ದಳು. ಚೀಲ ಬಗಲಲ್ಲಿ ಒತ್ತಿ ಹಿಡಿದೆ.

ಆಹೇರಿಯ ಉಡುಗೊರೆ ಶುರುವಾಯಿತು. ಒಬ್ಬರು ವಹಿಯಲ್ಲಿ ಬರೆಯುವುದು, ಮೈಕಿನಲ್ಲಿ ಕೂಗುವುದು. ಸೀರೆ ಇಂಥವರದು, ಪಾತ್ರೆ ಇಂಥವರದು. ಕನ್ನಡದಲ್ಲೊಮ್ಮೆ, ಬಾಜೂ ಮನೆಯವರಿಗಾಗಿ ಮರಾಠಿಯಲ್ಲೊಮ್ಮೆ. ನನ್ನ ಹತ್ತಿರ ಬಂದರು.

"ಕಂಬಳಿ ಯಾರ ಹೆಸರಲೆ ಬರಕೊಳ್ಳಿ, ಅಕ್ಕಾರ?"

ಇದೇ ಹೊತ್ತು ಅಂದುಕೊಂಡೆ. ಬಾಯಿಪಾಠದ ಮಾತು ತುದಿಗೆ ಬಂದಿತ್ತು.

"ಮಾಯಪ್ಪ ಅಂತ ಬರೀರಿ" ಅಂದೆ. "ನಮ್ಮಪ್ಪ. ನೇಯ್ದವ ಅವನ."

"ಅವರೂ ಬಂದಾರೇನ್ರಿ?"

"ಇಲ್ರಿ."

ಮೈಕಿನಲ್ಲಿ ಬಂತು — ಬೆಳಗಾವಿ ಮಾಯಪ್ಪನವರಿಂದ ಗದ್ದಿಗಿ ಕಂಬಳಿ. ಮರಾಠಿಯಲ್ಲಿ ಕಂಬಳಿ ಘೋಂಗಡಿ ಆಯಿತು, ಮಾಯಪ್ಪ ಮಾಯಪ್ಪನೇ ಉಳಿದ. ಎಂಟು ವರ್ಷದಲ್ಲಿ ಅಪ್ಪನ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇವತ್ತೇ. ಅತ್ತುಬಿಟ್ಟೆ. ಸುಳ್ಳು ಯಾಕೆ, ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಅತ್ತೆ. ಪದ್ಮವ್ವ ಖಾರ ಹೆಚ್ಚಾಯಿತೆಂದು ಮೊಸರು ಬಡಿಸಿದಳು.

ಮೇ 20, ಮಂಗಳವಾರ. ಬೆಳಿಗ್ಗೆ 6

ಅಮರ ಆಹೇರಿಯ ವಿಡಿಯೋ ಕಳಿಸಿದ್ದಾನೆ. ಎರಡು ನಿಮಿಷ ಹತ್ತು ಸೆಕೆಂಡಿಗೆ ಅಪ್ಪ ಬರುತ್ತಾನೆ.

ಯಲ್ಲೇಶನಿಗೆ ತೋರಿಸಿದೆ. ಚೀಲದಿಂದ ಹೊಸ ಕಂಬಳಿ ತೆಗೆದು ಮಂಚದ ಮೇಲೆ ಹಾಸಿದ. ಹೊಸದು, ಚುಚ್ಚುತ್ತದೆ. "ಹೊಟ್ಟಿ ಉರಿ ಹೋತೇನು?" ಅಂದ.

ಹೋಗಿಲ್ಲ. ಖರೇ ಹೇಳಬೇಕೆಂದರೆ ಆ ಕಂಬಳಿ ನನಗೆ ಇನ್ನೂ ಬೇಕು. ಅವನಿಗೂ ಹಾಗೇ ಹೇಳಿದೆ. ಈ ಸಲ 'ಇರ್ಲಿ ಬಿಡ' ಅನ್ನಲಿಲ್ಲ. "ಇನ್ನೊಮ್ಮಿ ಹಚ್ಚು" ಅಂದ. ಎರಡು ಹತ್ತಕ್ಕೆ ಎಳೆದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ಮೊದಲು ಕನ್ನಡದಲ್ಲಿ ಮಾಯಪ್ಪ, ಆಮೇಲೆ ಮರಾಠಿಯಲ್ಲೂ ಮಾಯಪ್ಪ.