ಮಾತಿಲ್ಲದ ಅತಿಥಿ

ಸೋಮವಾರ, ಮಾರ್ಚ್ ೧೪

ನನ್ನ ಪ್ರೀತಿಯ ಅಮ್ಮಾ,

ಶನಿವಾರದ ನಾಟಕಕ್ಕೆ ಬರಲಾಗುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳು. ಹನ್ನೊಂದನೇ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ.

ನಾನು ಕೆಲಸ ಮಾಡುವ ಚಿತ್ರಶಾಲೆಯಲ್ಲಿ ಔತಣಕೂಟದ ಚಿತ್ರಗಳಿಗೇ ಒಂದು ಕೋಣೆಯಿದೆ, ನಿನಗೆ ಗೊತ್ತು. ಚಿತ್ರಕಾರರಿಗೂ ಕಥೆಗಾರರಿಗೂ ಊಟದ ಮೇಜಿನ ಮೇಲೆ ಯಾಕಿಷ್ಟು ಮೋಹ ಎಂದು ನೋಡಲು ಬಂದವರು ಕೇಳುತ್ತಾರೆ. ಊಟ ಮುಗಿಯುವವರೆಗೆ ಯಾರೂ ಎದ್ದು ಹೋಗುವಂತಿಲ್ಲ, ಮುನಿಸಿಕೊಂಡವರೂ ಒಬ್ಬರಿಗೊಬ್ಬರು ಉಪ್ಪು ದಾಟಿಸಲೇಬೇಕು, ಅದಕ್ಕೇ ಎನ್ನುತ್ತೇನೆ. ಆದರೆ ಮೇಜಿನ ತುದಿಗೆ ಸುಮ್ಮನೆ ಕೂತವರನ್ನು ನಾನು ಯಾರಿಗೂ ತೋರಿಸಿದ್ದಿಲ್ಲ. ನಿನ್ನನ್ನೂ ಹಾಗೇ ಗಮನಿಸದೆ ಬಿಟ್ಟಿದ್ದೆ. ಹದಿನಾರು ವರ್ಷದಿಂದ ಅದೇ ನಾಟಕದಲ್ಲಿ ಅಪ್ಪನದು ಔತಣ ಕೊಡುವ ಯಜಮಾನನ ಪಾತ್ರ. ನೀನು ಅವರ ಔತಣಕ್ಕೆ ಬಂದ, ಒಂದೂ ಮಾತಿಲ್ಲದ ಅತಿಥಿ. ಬರೀ ಚಮಚ ಆಡಿಸುವುದಕ್ಕೆ ಅಷ್ಟು ದೂರ ಹೋಗಬೇಕಾ ಎಂದು ಒಮ್ಮೆ ಕೇಳಿಯೂ ಬಿಟ್ಟಿದ್ದೆ. ನೀನು ನಕ್ಕು, ಅಪ್ಪನ ಕೋಟಿಗೆ ಇಸ್ತ್ರಿ ಹಾಕುತ್ತಾ ನಿಂತೆ.

ಶನಿವಾರ ಅಪ್ಪ ಲೋಟ ಹಿಡಿದು ಎದ್ದರು. ಮನೆ ಬಿಟ್ಟುಹೋದ ತಮ್ಮನ ಕಥೆ ಶುರು ಮಾಡಿ ಅರ್ಧಕ್ಕೆ ನಿಂತರು. ಮೊದಲು ಅಭಿನಯ ಅಂದುಕೊಂಡೆ. ಆಮೇಲೆ ಅವರ ಕೈ ಮೇಜುಬಟ್ಟೆಯನ್ನು ತಡವುವುದು ಕಂಡಿತು. ಉಳಿದ ನಟರು ತಟ್ಟೆ ನೋಡುತ್ತಾ ಕೂತರು. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವರ ಪಿಸುದನಿ ನನಗೂ ಕೇಳಿಸಿತು, ಅಪ್ಪನಿಗೆ ಕೇಳಿಸಲಿಲ್ಲ.

ಆಗ ನೀನು ಕರವಸ್ತ್ರ ಮಡಿಸಿಟ್ಟು ಹೇಳಿದೆ: "ಈ ಕಥೆ ಇಲ್ಲಿಗೆ ಬಂದಾಗೆಲ್ಲ ನಿಮಗೆ ಗಂಟಲು ಕಟ್ಟುತ್ತೆ. ಕೂತ್ಕೊಳ್ಳಿ, ಮುಂದಿನದನ್ನ ನಾನು ಹೇಳ್ತೀನಿ."

ಹೇಳಿದೆ ಕೂಡ. ಅಪ್ಪನ ಒಂದೊಂದು ಮಾತೂ ನಿನಗೆ ಬಾಯಿಪಾಠ. 'ನಾನು' ಅನ್ನುವ ಕಡೆ 'ಇವರು' ಅಂದೆ, ಅಷ್ಟೇ. ಕಥೆಯಲ್ಲಿ ತಮ್ಮ ವಾಪಸ್ ಬರುವ ಹೊತ್ತಿಗೆ ಅಪ್ಪನ ಹೆಗಲ ಮೇಲೆ ಕೈಯಿಟ್ಟೆ. ಅವರ ಮುಖಕ್ಕೆ ಜೀವ ಬಂತು. ಕೊನೆಯ ಸಾಲನ್ನು ಅವರೇ ಹೇಳಿದರು. ಸಭೆಯಲ್ಲಿ ಯಾರಿಗೂ ಅನುಮಾನವೇ ಬರಲಿಲ್ಲ. ಪಕ್ಕದ ಹೆಂಗಸು ಮೂಗು ಒರೆಸಿಕೊಳ್ಳುತ್ತಾ, ಆ ಅತಿಥಿ ಯಾರು ಎಂದು ನನ್ನನ್ನು ಕೇಳಿದರು. ನಮ್ಮಮ್ಮ ಎಂದೆ. ಜೋರಾಗಿಯೇ ಹೇಳಿರಬೇಕು, ಮುಂದಿನ ಸಾಲಿನವರು ತಿರುಗಿ ನೋಡಿದರು.

ಎಷ್ಟು ಚಿತ್ರ ನೋಡಿದ್ದೇನೆ, ಎಷ್ಟು ಕಥೆ ಓದಿದ್ದೇನೆ. ಒಂದು ಔತಣವನ್ನು ಹೀಗೆ ಕೈಹಿಡಿದು ದಡ ಮುಟ್ಟಿಸಿದವರನ್ನು ಕಂಡಿರಲಿಲ್ಲ ಅಮ್ಮಾ. ನಾಟಕ ಮುಗಿದ ಮೇಲೆ ಒಳಗೆ ಬಂದು ತಬ್ಬಿಕೊಳ್ಳಬೇಕಿತ್ತು. ಬರದೆ ಹೊರಟುಹೋದೆ.

ನಿನ್ನ
ಗುಬ್ಬಿ

ತಾ. ಕ.: ಯಾಕೆ ಬರಲಿಲ್ಲ ಅಂದರೆ, ಮುಖ ತೋರಿಸಲಾಗಲಿಲ್ಲ. ಹೋದ ತಿಂಗಳು ಫೋನಿನಲ್ಲಿ ಅಪ್ಪ ಎರಡು ಸಲ ನನ್ನನ್ನು ಯಾರು ಎಂದು ಕೇಳಿದ್ದರು. ನಿನಗೆ ಗಾಬರಿಯಾದೀತೆಂದು ಮುಚ್ಚಿಟ್ಟೆ. ಅಷ್ಟು ಸಲೀಸಾಗಿ ಮಾತು ಎತ್ತಿಕೊಳ್ಳಬೇಕಾದರೆ ನೀನು ಎಷ್ಟು ದಿನದಿಂದ ತಯಾರಾಗಿ ಕೂತಿದ್ದೆಯೋ, ಒಬ್ಬಳೇ. ಗುರುವಾರ ರಜೆ ಹಾಕಿದ್ದೇನೆ. ಡಾಕ್ಟರ ಹತ್ತಿರ ಮೂವರೂ ಹೋಗೋಣ.